ಆಣೆ ಕೇಳದ ಕೋಣೆ

ಹುಟ್ಟುಹಬ್ಬ, ಯುಗಾದಿ, ಪರೀಕ್ಷೆಯ ಬೆಳಿಗ್ಗೆ, ಯಾವುದೇ ಇರಲಿ, ನಮ್ಮ ಮನೆಯಲ್ಲಿ ದೇವರಿಗೆ ನಮಸ್ಕಾರ ಮಾಡಿದ ಮೇಲೆ ಅಪ್ಪ ಅಮ್ಮನಿಗೂ ಮಾಡಬೇಕು. ನಾನು ಬಗ್ಗಿದಾಗ ಅಮ್ಮ ನೆತ್ತಿಯ ಮೇಲೆ ಕೈಯಿಟ್ಟು ಏನೇನೋ ಹರಸುತ್ತಿದ್ದಳು. ಅದರಲ್ಲಿ ಮದುವೆಯ ವಿಷಯ ಕಡ್ಡಾಯ. ಅಪ್ಪ ಮಾತ್ರ ಹಿಂದಕ್ಕೆ ಸರಿದು, ಕೈಗಳನ್ನು ಬೆನ್ನಿನ ಹಿಂದೆ ಕಟ್ಟಿಕೊಂಡು, "ಒಳ್ಳೇದಾಗ್ಲಿ, ಒಳ್ಳೇದಾಗ್ಲಿ" ಎಂದು ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗಿನಿಂದ ಡಿಗ್ರಿಯ ಕೊನೆಯ ವರ್ಷದವರೆಗೂ ಅವರ ಕೈ ನನ್ನ ತಲೆಯನ್ನು ಮುಟ್ಟಿರಲಿಲ್ಲ. ಕುಡಿಯುವುದು ಸಾಲದು ಅಂತ ಇದೊಂದು ಬಿಗುಮಾನ ಬೇರೆ ಎಂದುಕೊಂಡು ನಾನೂ ಮುಖ ಊದಿಸಿಕೊಂಡು ಎದ್ದು ಹೋಗುತ್ತಿದ್ದೆ.

ಅಪ್ಪ ಕುಡಿದು ಗಲಾಟೆ ಮಾಡುವವರಲ್ಲ. ಸರ್ಕಾರಿ ಕಚೇರಿಯ ಕೆಲಸ ಮುಗಿಸಿ, ಬಸ್ಸಿಳಿದು, ಗಿರಿನಗರದ ನಮ್ಮ ಮನೆಗೆ ನೇರ ಬರುವ ದಾರಿ ಬಿಟ್ಟು ಬಾರಿನ ದಾರಿ ಹಿಡಿದು ಬರುತ್ತಿದ್ದರು. ಗೇಟನ್ನು ಸದ್ದಾಗದಂತೆ ತೆಗೆಯಲು ಅವರು ಪಡುತ್ತಿದ್ದ ಪಾಡಿನಿಂದಲೇ ಎಷ್ಟು ಕುಡಿದಿದ್ದಾರೆ ಅಂತ ನಮಗೆ ತಿಳಿದುಬಿಡುತ್ತಿತ್ತು. ಒಳಗೆ ಬಂದು, ಯಾರ ಮುಖವನ್ನೂ ನೋಡದೆ ಊಟ ಮಾಡಿ ಮಲಗಿಬಿಡುತ್ತಿದ್ದರು. ಬೈಯೋಣವೆಂದರೆ ಬೈಯಿಸಿಕೊಳ್ಳಲು ಎದುರಿಗೆ ಯಾರೂ ಇರದ ಹಾಗೆ ಆಗುತ್ತಿತ್ತು. ನನಗಂತೂ ಇದಕ್ಕಿಂತ ಒಂದು ಜಗಳವೇ ಆಗಿಹೋಗಲಿ ಅನ್ನಿಸುತ್ತಿತ್ತು.

ಆಣೆಯ ವಿಷಯ ಹೇಳಬೇಕು. ಎಸ್ಸೆಸ್ಸೆಲ್ಸಿಯ ವರ್ಷ ಒಂದು ಬೆಳಿಗ್ಗೆ ಅಮ್ಮ ದೇವರ ಮನೆಯ ಮುಂದೆ ಮಣೆ ಹಾಕಿ ನನ್ನನ್ನು ಕೂರಿಸಿದಳು. ತಲೆಗೆ ಎಣ್ಣೆ ಒತ್ತಲು ಅಂದುಕೊಂಡು ಜಡೆ ಬಿಚ್ಚಿಕೊಂಡು ಕೂತೆ. ಅವಳು ಅಪ್ಪನನ್ನು ಕರೆದು, ಅವರ ಬಲಗೈಯನ್ನು ಹಿಡಿದೆಳೆದು ನನ್ನ ತಲೆಯ ಮೇಲಿಟ್ಟು, "ಇವಳಾಣೆ, ಇನ್ಮೇಲೆ ಮುಟ್ಟಲ್ಲ ಅನ್ನಿ" ಎಂದಳು.

"ಮಗು ತಲೆ ಮೇಲೆ ಬೇಡ ಕಣೆ. ದೇವ್ರ ಮೇಲೆ ಮಾಡ್ತೀನಿ."

"ದೇವ್ರ ಮೇಲೆ ಮಾಡಿ ಮಾಡಿ ದೇವ್ರಿಗೂ ಸಾಕಾಗಿದೆ. ಇವಳ ಮೇಲೆ ಮಾಡಿ."

ಅಪ್ಪ ಆಣೆ ಮಾಡಿದರು. ಅವರ ಕೈ ನನ್ನ ತಲೆಯ ಮೇಲೆ ಬೆವರುತ್ತಿದ್ದದ್ದು ನೆನಪಿದೆ. ಕೆಲವು ವಾರ ಗೇಟು ಧಾರಾಳವಾಗಿ ಸದ್ದು ಮಾಡಿತು. ಆಮೇಲೆ ಒಂದು ಸಂಜೆ ಮತ್ತೆ ಸದ್ದಿಲ್ಲದೆ ತೆರೆದುಕೊಂಡಿತು. ಅದೇ ತಿಂಗಳು ನನಗೆ ಕಾಮಾಲೆಯಾಗಿ, ಕಣ್ಣೆಲ್ಲ ಹಳದಿಯಾಗಿ, ಜಯನಗರದ ಆಸ್ಪತ್ರೆಯಲ್ಲಿ ಮಲಗಿದೆ. ಅಪ್ಪ ವಾರ್ಡಿನ ಬಾಗಿಲವರೆಗೆ ಬಂದು ನಿಂತು ನೋಡಿ ಹೋಗುತ್ತಿದ್ದರು, ಮಂಚದ ಹತ್ತಿರ ಬರುತ್ತಿರಲಿಲ್ಲ. ನಾನು ಹುಷಾರಾದೆ. ಅಪ್ಪನ ಕುಡಿತ ಮೊದಲಿಗಿಂತ ಜಾಸ್ತಿಯಾಯಿತು. ಅಮ್ಮ ಬನಶಂಕರಿ ದೇವಸ್ಥಾನಕ್ಕೆ ಹೋಗಿ ರಾಹುಕಾಲದಲ್ಲಿ ನಿಂಬೆಹಣ್ಣಿನ ಹೋಳಿನಲ್ಲಿ ದೀಪ ಹಚ್ಚುವುದನ್ನು ಹಿಡಿದುಕೊಂಡಳು.

ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ಅಪ್ಪ ಬಚ್ಚಲಿನಲ್ಲಿ ರಕ್ತ ವಾಂತಿ ಮಾಡಿಕೊಂಡರು. ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು.

"ನೋಡಮ್ಮ, ಇವರು ಇನ್ನು ಕುಡಿದ್ರೆ ಉಳಿಯಲ್ಲ. ಇನ್ನೊಂದ್ಸಲ ಹಿಂಗಾದ್ರೆ ನನ್ ಕೈಲಿ ಏನೂ ಆಗಲ್ಲ."

"ಬಿಡಿಸೋಕೆ ಔಷಧಿ ಇಲ್ವಾ ಸಾರ್?"

"ನಾನು ಕೊಡೋ ಔಷಧಿ ಮೈಗೆ. ಕುಡಿಯೋರೇ ಸೇರ್ಕೊಂಡು ಬಿಡೋಕೆ ಅಂತ ಒಂದು ಗುಂಪು ನಡೆಸ್ತಾರೆ. ಜಯನಗರದ ಕಡೆ ಎಲ್ಲೋ ಇದೆ ಅಂತಾರೆ. ಹುಡುಕಿ."

ಎಲ್ಲೋ ಇದೆ ಅಂದರೆ ಎಲ್ಲಿ ಹುಡುಕುವುದು? ನಮ್ಮ ರಸ್ತೆಯಲ್ಲಿ ಸಂಗೀತದ ಮೇಷ್ಟರು ಎಲ್ಲಿ, ಗ್ಯಾಸ್ ರಿಪೇರಿಯವನು ಎಲ್ಲಿ ಅಂತ ಯಾರನ್ನು ಬೇಕಾದರೂ ಕೇಳಬಹುದಿತ್ತು. ಇದನ್ನು ಕೇಳಿದರೆ ಸಂಜೆಯೊಳಗೆ ಇಡೀ ಬಡಾವಣೆಗೆ ಗೊತ್ತಾಗುತ್ತಿತ್ತು. ಆಗಲೇ ಎಲ್ಲರಿಗೂ ಗೊತ್ತಿತ್ತು ಎನ್ನುವುದು ಬೇರೆ ಮಾತು. ಅವರಿಗೆ ಗೊತ್ತಿಲ್ಲ ಅಂತ ನಾವು, ನಮಗೆ ಗೊತ್ತಾಗಿಲ್ಲ ಅಂತ ಅವರು ನಟಿಸಿಕೊಂಡಿದ್ದೆವು. ಕೊನೆಗೆ ಪೇಪರಿನ 'ನಗರದಲ್ಲಿ ಇಂದು' ಪುಟದಲ್ಲಿ, ಒಂದು ಪ್ರವಚನಕ್ಕೂ ಒಂದು ವೀಣಾವಾದನಕ್ಕೂ ನಡುವೆ ಸಿಕ್ಕಿಕೊಂಡಿದ್ದ ಒಂದು ಸಾಲು ಕಣ್ಣಿಗೆ ಬಿತ್ತು. ಕುಡಿತ ಬಿಡಬೇಕೆನ್ನುವವರು ಫೋನ್ ಮಾಡಿ ಅಂತ ಇತ್ತು, ಕೆಳಗೆ ನಂಬರು.

ನಮ್ಮ ಬೀದಿಯ ಎಸ್‌ಟಿಡಿ ಬೂತಿನ ಅಂಕಲ್‌ಗೆ ಕಿವಿ ಚುರುಕು. ಅದಕ್ಕೇ ಶ್ರೀನಗರದವರೆಗೆ ನಡೆದುಕೊಂಡು ಹೋಗಿ, ನನ್ನ ಪರಿಚಯವಿಲ್ಲದ ಬೂತೊಂದರಲ್ಲಿ ನಿಂತೆ. ಗಾಜಿನ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಹೊರಗೆ ಇಬ್ಬರು ಕಾಯುತ್ತಿದ್ದರು. ಆ ಕಡೆ ಫೋನ್ ಎತ್ತಿದ್ದು ವಯಸ್ಸಾದ ಗಂಡಸಿನ ದನಿ.

"ಕುಡಿತ ನಿಮ್ಮದಾ, ಮನೆಯವರದಾ?"

"ಮನೆಯವರದು," ಎಂದೆ, ತುಟಿ ಅಲುಗಿಸದೆ.

"ಅವ್ರಿಗೆ ಬಿಡಬೇಕು ಅಂತ ಇದೆಯಾ?"

"ಗೊತ್ತಿಲ್ಲ."

"ಹಾಗಾದ್ರೆ ಅವ್ರಿಗೇ ಫೋನ್ ಮಾಡೋಕೆ ಹೇಳಮ್ಮ."

ನನಗೆ ರೇಗಿಹೋಯಿತು. "ಅವ್ರೇ ಮಾಡೋ ಹಾಗಿದ್ರೆ ನಾನ್ಯಾಕ್ರೀ ಇಲ್ಲಿ ಬಂದು ನಿಂತ್ಕೊತಿದ್ದೆ? ಡಾಕ್ಟ್ರು ಇನ್ನೊಂದ್ಸಲ ಕುಡಿದ್ರೆ ಸಾಯ್ತಾರೆ ಅಂದಿದಾರೆ!"

ಹೊರಗೆ ಕಾಯುತ್ತಿದ್ದ ಇಬ್ಬರೂ ನನ್ನತ್ತ ತಿರುಗಿದರು. ಆ ಕಡೆಯ ದನಿ ಬೇಜಾರು ಮಾಡಿಕೊಳ್ಳಲಿಲ್ಲ. ಜಯನಗರದ ಒಂದು ಚರ್ಚಿನ ಗುರುತು ಹೇಳಿ, "ಹಿಂದುಗಡೆ ಒಂದು ರೂಮಿದೆ. ಬೋರ್ಡ್ ಗೀರ್ಡ್ ಇರಲ್ಲ. ಟೀ ವಾಸನೆ ಹಿಡ್ಕೊಂಡು ಬನ್ನಿ" ಎಂದಿತು.

ಚರ್ಚು ಅಂದ ಕೂಡಲೇ ಅಮ್ಮ ಗಾಬರಿಯಾದಳು. "ಅಲ್ಲಿಗೆ ಕರ್ಕೊಂಡು ಹೋಗಿ ಜಾತಿ ಗೀತಿ ಬದಲಾಯಿಸಿಬಿಟ್ರೆ?"

"ಇಷ್ಟು ವರ್ಷ ಬಾರಿಗೆ ಹೋಗ್ತಿದ್ರಲ್ಲ, ಅಲ್ಲಿ ಯಾವ ದೇವ್ರ ಫೋಟೋ ಹಾಕಿದ್ರು ಅಂತ ಕೇಳಿದ್ಯಾ?" ಎಂದೆ.

ಅಪ್ಪ ಮರುದಿನ ಸಂಜೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊಸಿಲ ಮೇಲೆ ಕೂತಿದ್ದರು. ಆಸ್ಪತ್ರೆಯಿಂದ ಬಂದಾಗಿನಿಂದ ಕುಡಿದಿರಲಿಲ್ಲ. ಕೈ ನಡುಗುತ್ತಿತ್ತು. ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಳ್ಳಲೂ ಆಗದೆ ಚಿಲ್ಲರೆಯನ್ನು ನನ್ನ ಕೈಗೆ ಕೊಟ್ಟರು.

ಚರ್ಚೇನೋ ಸಿಕ್ಕಿತು. ರೂಮು ಸಿಗಲಿಲ್ಲ. ಒಂದು ಬಾಗಿಲು ತಳ್ಳಿದರೆ ಹುಡುಗಿಯರು ಹಾಡು ಅಭ್ಯಾಸ ಮಾಡುತ್ತಿದ್ದರು. ಇನ್ನೊಂದು ಬಾಗಿಲಿಗೆ ಬೀಗ. ಎದುರಿನ ಅಂಗಡಿಯಲ್ಲಿ ಕೇಳೋಣವೆಂದರೆ ಏನಂತ ಕೇಳುವುದು? "ಇಲ್ಲಿ ಸಾಯಂಕಾಲ ಕ್ಲಾಸ್ ನಡೆಯುತ್ತಂತಲ್ಲ" ಅಂದೆ. ಅಂಗಡಿಯವನು ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಟೈಪಿಂಗ್ ಕ್ಲಾಸಾ ಮೇಡಂ? ಅದು ನೆಕ್ಸ್ಟ್ ಕ್ರಾಸು" ಎಂದ.

"ಸಿಗಲ್ಲ ಬಿಡಮ್ಮ. ಮನೆಗೆ ಹೋಗೋಣ," ಎಂದರು ಅಪ್ಪ. ಅಷ್ಟು ದಿನಗಳಲ್ಲಿ ಮೊದಲ ಸಲ ಅವರ ದನಿಯಲ್ಲಿ ಸ್ವಲ್ಪ ಲವಲವಿಕೆ ಇತ್ತು. ಆ ದಿನ ಹಿಂದೆ ಹೋದರೆ ಇನ್ನೊಂದು ದಿನ ಅವರು ಬರುವುದಿಲ್ಲ ಅಂತ ನನಗೆ ಖಂಡಿತ ಗೊತ್ತಿತ್ತು. ದಾರಿ ಗೊತ್ತಿರುವವಳ ಹಾಗೆ ಅವರ ಮುಂದೆ ಬಿರಬಿರನೆ ನಡೆದೆ. ಕಟ್ಟಡವನ್ನು ಸುತ್ತಿ ಹಿಂದಕ್ಕೆ ಹೋದಾಗ ಟೀ ಕುದಿಯುವ ವಾಸನೆ ನಿಜವಾಗಿಯೂ ಬಂತು.

ಬಾಗಿಲಲ್ಲಿ ಮಫ್ಲರ್ ಸುತ್ತಿಕೊಂಡ ಹಿರಿಯರೊಬ್ಬರು ನಿಂತಿದ್ದರು. ಫೋನಿನ ದನಿ ಅವರದೇ. ಯಾವುದೋ ಕಂಪನಿಯಲ್ಲಿ ಆಫೀಸರಾಗಿ ರಿಟೈರ್ ಆದವರು ಅಂತ ಆಮೇಲೆ ತಿಳಿಯಿತು. ಅಪ್ಪನ ಕೈ ಕುಲುಕಿ ಒಳಗೆ ಬಿಟ್ಟರು. ನಾನೂ ಹಿಂದೆಯೇ ಹೊರಟಾಗ ಬಾಗಿಲಿಗೆ ಅಡ್ಡ ಬಂದರು.

"ನೀವು ಬರೋ ಹಾಗಿಲ್ಲಮ್ಮ. ಇವತ್ತಿನ ಮೀಟಿಂಗ್ ಕುಡಿಯೋರಿಗೆ ಮಾತ್ರ."

"ನಾನು ಜೊತೇಲಿ ಇಲ್ದಿದ್ರೆ ಎದ್ದು ಹೋಗ್ಬಿಡ್ತಾರೆ."

"ಹೋಗಬಹುದು. ನಾವು ಬೀಗ ಹಾಕಲ್ಲ."

"ಆಣೆನಾದ್ರೂ ಮಾಡಿಸ್ಕೋತೀರಾ?"

"ಆಣೆ ಮಾಡದೆ ಇರೋನು ಇಲ್ಲಿ ಒಬ್ಬನೂ ಇಲ್ಲ. ಎಲ್ಲಾ ಮಾಡಿ ಮುರಿದೋರೇ. ಇವತ್ತು ಕುಡಿಯಲ್ಲ ಅಂದ್ರೆ ನಮಗೆ ಸಾಕು. ನಾಳೆದು ನಾಳೆ."

ಇದೆಂಥಾ ವ್ಯವಹಾರ ಅಂತ ನನಗೆ ಸಿಟ್ಟು ಬಂತು. ಸಾಯುವ ಬದುಕುವ ಪ್ರಶ್ನೆ ಇಟ್ಟುಕೊಂಡು ಬಂದರೆ ಇವರು ಒಂದು ದಿನದ ಲೆಕ್ಕ ಹೇಳುತ್ತಾರೆ. ಬೇರೆ ದಾರಿ ಇರಲಿಲ್ಲ. ಕಾಂಪೌಂಡಿನ ಮರದ ಕೆಳಗೆ ನಿಂತೆ. ಅಲ್ಲಿಗೆ ಎರಡು ಗೇಟು. ಒಂದನ್ನು ನೋಡುತ್ತ ನಿಂತರೆ ಇನ್ನೊಂದು ಕಾಣುತ್ತಿರಲಿಲ್ಲ. ಚಿಕ್ಕ ಗೇಟಿನಾಚೆಯ ರಸ್ತೆಯಲ್ಲಿ ಒಂದು ವೈನ್ ಸ್ಟೋರ್ ಇದ್ದದ್ದನ್ನು ಬರುವಾಗಲೇ ಗಮನಿಸಿದ್ದೆ. ಅಪ್ಪನೂ ಗಮನಿಸಿದ್ದರು. ಅವರು ಗಮನಿಸಿದ್ದನ್ನೂ ನಾನು ಗಮನಿಸಿದ್ದೆ.

ಒಳಗಿನಿಂದ ಒಬ್ಬೊಬ್ಬರೇ ಮಾತಾಡುವ ಸದ್ದು ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ನಡುನಡುವೆ ಎಲ್ಲರೂ ಗೊಳ್ಳೆಂದು ನಗುತ್ತಿದ್ದರು. ನಗುವಂಥದ್ದೇನಿದೆ ಅಂತ ಉರಿದುಕೊಳ್ಳುತ್ತಿರುವಾಗಲೇ ಬಾಗಿಲು ತೆರೆಯಿತು. ಅಪ್ಪ ಹೊರಗೆ ಬಂದರು. ನನ್ನ ಕಡೆ ನೋಡಲೂ ಇಲ್ಲ. ಕರ್ಚೀಫಿನಿಂದ ಮುಖ ಒರೆಸಿಕೊಳ್ಳುತ್ತ ಚಿಕ್ಕ ಗೇಟಿನಿಂದ ರಸ್ತೆಗಿಳಿದರು.

ನಾನು ಓಡಿದೆ. ಗೇಟಿನ ಹತ್ತಿರ ಮಫ್ಲರಿನವರು ನನ್ನನ್ನು ದಾಟಿ ಮುಂದೆ ಹೋದರು. ಹೋಗುತ್ತಲೇ, ನಿಲ್ಲು ಎನ್ನುವಂತೆ ನನ್ನ ಕಡೆ ಕೈ ತೋರಿಸಿದರು. ಅಪ್ಪ ವೈನ್ ಸ್ಟೋರಿನ ಎದುರಿಗೆ, ರಸ್ತೆಯ ಈಚೆ ಬದಿಯಲ್ಲಿ ನಿಂತಿದ್ದರು. ಮಫ್ಲರಿನವರು ಅವರ ಪಕ್ಕ ಹೋಗಿ ನಿಂತರು. ಕೈ ಹಿಡಿಯಲಿಲ್ಲ, ಬುದ್ಧಿ ಹೇಳಲಿಲ್ಲ. ಇಬ್ಬರು ಬಸ್ಸಿಗೆ ಕಾಯುವವರ ಹಾಗೆ ಸುಮ್ಮನೆ ನಿಂತಿದ್ದರು. ಕೂಗಿಬಿಡಬೇಕು ಅನ್ನಿಸಿತು. ಅಪ್ಪಾ ಬೇಡ, ಸತ್ತುಹೋಗ್ತೀರಿ ಅಂತ ಇಡೀ ಜಯನಗರಕ್ಕೆ ಕೇಳುವ ಹಾಗೆ ಕೂಗಬೇಕು ಅನ್ನಿಸಿತು. ಕೂಗದೆ ಗೇಟಿನ ಕಂಬಿ ಹಿಡಿದುಕೊಂಡೆ. ಅಂಗಡಿಯಲ್ಲಿ ಒಬ್ಬ ಬಾಟಲಿಗೆ ಪೇಪರ್ ಸುತ್ತಿ ಕೊಡುತ್ತಿದ್ದ, ಇನ್ನೊಬ್ಬ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಿದ್ದ. ಅಪ್ಪ ಒಂದು ಕಾಲನ್ನು ರಸ್ತೆಗಿಟ್ಟರು. ಒಂದು ಆಟೋ ಹಾರನ್ ಹೊಡೆದುಕೊಂಡು ಬಂತು, ಕಾಲು ಹಿಂದಕ್ಕೆ ತೆಗೆದುಕೊಂಡರು. ಆಟೋ ಹೋದ ಮೇಲೂ ದಾಟಲಿಲ್ಲ.

ಆಮೇಲೆ ಅಪ್ಪ ಏನೋ ಹೇಳಿದರು. ಮಫ್ಲರಿನವರು ತಲೆಯಾಡಿಸಿದರು. ಇಬ್ಬರೂ ತಿರುಗಿ ಬಂದು, ನನ್ನ ಪಕ್ಕದಲ್ಲೇ ಹಾದು ಒಳಗೆ ಹೋದರು. ನಾನು ಗೇಟಿನ ಕಂಬಿ ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈಗೆಲ್ಲ ತುಕ್ಕು ಮೆತ್ತಿಕೊಂಡಿತ್ತು.

ಬಸ್ಸಿನಲ್ಲಿ ಹಿಂದಿರುಗುವಾಗ ಅಪ್ಪನೇ ಮಾತು ತೆಗೆದರು. "ಒಳಗೆ ನಮ್ಮ ರಸ್ತೆಯೋರು ಒಬ್ರಿದಾರೆ."

"ಯಾರು?"

"ಹೇಳೋ ಹಾಗಿಲ್ವಂತೆ."

ಅಮ್ಮನಿಗೆ ಇದನ್ನು ಹೇಳಿದ್ದೇ ತಪ್ಪಾಯಿತು. ಬೆಳಿಗ್ಗೆ ರಂಗೋಲಿ ಹಾಕುವ ನೆಪದಲ್ಲಿ ಗೇಟಿನಲ್ಲಿ ನಿಂತು, ಹೋಗಿ ಬರುವ ಗಂಡಸರನ್ನೆಲ್ಲ ಅನುಮಾನದಿಂದ ನೋಡತೊಡಗಿದಳು. ಭಜನೆ ಮಂಡಳಿಯ ಅಧ್ಯಕ್ಷರನ್ನೂ ಬಿಡಲಿಲ್ಲ.

ಅಪ್ಪ ಗುಂಪಿಗೆ ಹೋಗಿಬರುವುದು ನಡೆಯಿತು. ಕೆಲವು ವಾರ ನಾನು ಜೊತೆಗೆ ಹೋಗಿ ಕಾದೆ, ಆಮೇಲೆ ಅವರೊಬ್ಬರೇ ಹೋದರು. ಅವರು ಕುಡಿಯದೆ ಬರುತ್ತಿದ್ದರೂ ಗೇಟಿನ ಸದ್ದಿಗೆ ನಾವಿಬ್ಬರೂ ಮೊದಲಿನಂತೆಯೇ ಕಿವಿಯಾಗಿರುತ್ತಿದ್ದೆವು. ಅಮ್ಮನಿಗೆ ಇದು ಸಾಕಾಗಲಿಲ್ಲ. ದೇವರ ಮುಂದೆ ಮತ್ತೊಮ್ಮೆ ಆಣೆಯಾಗದೆ ಈ ಬಿಟ್ಟದ್ದು ಬಿಟ್ಟದ್ದಲ್ಲ ಅಂತ ಅವಳ ವಾದ.

"ಈ ಸಲ ಬನಶಂಕರಿ ಅಮ್ಮನ ಮುಂದೆ ಬಂದು, ಮಗಳ ತಲೆ ಮುಟ್ಟಿ ಹೇಳಿಬಿಡಿ. ನನಗೆ ನೆಮ್ಮದಿ."

"ಆಣೆ ಮಾಡಲ್ಲ ಕಣೆ."

"ಮಾಡಲ್ಲ ಅಂದ್ರೆ ಕುಡಿಯೋ ಮನಸ್ಸಿದೆ ಅಂತ ತಾನೇ?"

"ಇದೆ," ಎಂದರು ಅಪ್ಪ. "ದಿನಾ ಇದೆ."

ಅಮ್ಮ ಮಾತು ಬಿಟ್ಟಳು. "ಊಟಕ್ಕೆ ಬರಬೇಕಂತೆ ಹೇಳು" ಎಂದು ಎದುರಿಗೇ ಕೂತಿರುವ ಗಂಡನಿಗೆ ನನ್ನ ಮೂಲಕ ಹೇಳಿಸುತ್ತಿದ್ದಳು. ಒಂದು ಕಡೆ ಕುಡಿಯದೆ ಇರುವ ಅಪ್ಪ ದಿನದಿನಕ್ಕೆ ಸಿಡುಕಾಗುತ್ತಿದ್ದರು, ಇನ್ನೊಂದು ಕಡೆ ಅಮ್ಮ ಹೀಗೆ ಬಿಗಿದುಕೊಂಡಿದ್ದಳು. ಇವಳೇ ಅವರನ್ನು ಮತ್ತೆ ಬಾರಿಗೆ ಅಟ್ಟಿಬಿಡುತ್ತಾಳೆ ಅಂತ ನನಗೆ ಭಯವಾಗುತ್ತಿತ್ತು. ಆ ಭಯವನ್ನು ಅವಳಿಗೆ ಹೇಳಲೂ ಭಯ.

ಅಷ್ಟರಲ್ಲಿ ಮಫ್ಲರಿನವರು ಹೇಳಿಕಳಿಸಿದರು, ಭಾನುವಾರ ಮಧ್ಯಾಹ್ನದ ಮೀಟಿಂಗಿಗೆ ಮನೆಯವರೂ ಬರಬಹುದು ಅಂತ. ಅಮ್ಮ ಬರುತ್ತೇನೆಂದಾಗ ನನಗೆ ಆಶ್ಚರ್ಯವಾಯಿತು. ಅವಳ ವೈರಿನ ಬುಟ್ಟಿ ನೋಡಿದ ಮೇಲೆ ಅರ್ಥವಾಯಿತು. ಅದರಲ್ಲಿ ನಿಂಬೆಹಣ್ಣು, ತೆಂಗಿನಕಾಯಿ, ಅರಿಶಿನ ಕುಂಕುಮ, ತುಪ್ಪದ ಬತ್ತಿ. ಭಾನುವಾರದ ರಾಹುಕಾಲ ಸಾಯಂಕಾಲ. ಮೀಟಿಂಗ್ ಮುಗಿದ ಕೂಡಲೇ ಆಟೋದಲ್ಲಿ ಅಪ್ಪನನ್ನು ಬನಶಂಕರಿಗೆ ಸಾಗಿಸಿ, ರಾಹುಕಾಲ ಕಳೆಯುವುದರೊಳಗೆ ದೀಪ ಹಚ್ಚಿ, ನನ್ನ ತಲೆಯ ಮೇಲೆ ಆಣೆ ಮಾಡಿಸುವುದು ಅವಳ ಯೋಜನೆ. ಅಪ್ಪನಿಗೆ ಇದು ಗೊತ್ತಿರಲಿಲ್ಲ. ಬುಟ್ಟಿಯನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಅವಳು ಆ ಕೋಣೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಳು, ನಿಮಿಷಕ್ಕೊಮ್ಮೆ ವಾಚು ನೋಡುತ್ತ.

ಕೆಲವರು ಎದ್ದು ನಿಂತು ಮಾತಾಡಿದರು. ಆಮೇಲೆ ಅಪ್ಪ ಎದ್ದರು. ಅವರು ನಾಲ್ಕು ಜನರೆದುರು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಕುರ್ಚಿಯ ಬೆನ್ನನ್ನು ಹಿಡಿದುಕೊಂಡು, ನೆಲ ನೋಡುತ್ತ ಶುರು ಮಾಡಿದರು.

"ನನಗೆ ಒಬ್ಬಳೇ ಮಗಳು. ಅವಳ ತಲೆ ಮೇಲೆ ಕೈಯಿಟ್ಟು ಕುಡಿಯಲ್ಲ ಅಂತ ಆಣೆ ಮಾಡಿದ್ದೆ. ಮುರಿದೆ. ಮುರಿದ ತಿಂಗಳೇ ಮಗೂಗೆ ಕಾಮಾಲೆ ಆಯ್ತು. ಆಸ್ಪತ್ರೆಗೆ ಹೋಗಿ ನೋಡಿದ್ರೆ ಕಣ್ಣೆಲ್ಲ ಹಳದಿ. ನಾನೇ ಮಾಡಿದ್ದು ಅಂತ ಗೊತ್ತಾಯ್ತು. ಹತ್ರ ಹೋಗೋಕೆ ಧೈರ್ಯ ಬರಲಿಲ್ಲ. ಈ ಕೈ ಇನ್ನೊಂದ್ಸಲ ಅವಳ ತಲೆಗೆ ತಾಕಿದ್ರೆ ಏನಾಗುತ್ತೋ ಅಂತ ಭಯ. ಬಂದು ನಮಸ್ಕಾರ ಮಾಡ್ತಾಳೆ, ನಾನು ಕೈ ಹಿಂದೆ ಕಟ್ಕೊತೀನಿ. ಅವತ್ತೆಲ್ಲ ಕುಡಿಯೋದು ಜಾಸ್ತಿ. ಮನೇಲಿ ಇದನ್ನ ಹೇಳಿಲ್ಲ. ಇವತ್ತು ಕುಡಿದಿಲ್ಲ." ಇಷ್ಟು ಹೇಳಿ ಕೂತುಬಿಟ್ಟರು.

ಪಕ್ಕದಲ್ಲಿ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ನನ್ನ ಕಿವಿಯ ಹತ್ತಿರ ಬಂದು, "ನಾನೂ ಹಾಗೇ ಅಂದ್ಕೊಂಡಿದ್ದೆ ಕಣೆ. ಅವತ್ತಿಂದ ಆ ದೀಪ ಎಲ್ಲಾ ಅದಕ್ಕೇ ಹಚ್ತಿದ್ದಿದ್ದು. ಮುರಿದ ಆಣೆ ಸರಿಯಾಗ್ಲಿ ಅಂತಾನೇ ಮತ್ತೆ ಮಾಡ್ಸೋಕೆ ಹೊರಟಿದ್ದು," ಎಂದಳು.

ಇಬ್ಬರೂ ಒಂದೇ ಸೂರಿನಡಿ, ಒಂದೇ ಭಯವನ್ನು ಒಬ್ಬರಿಗೊಬ್ಬರು ಹೇಳದೆ ಇಷ್ಟು ವರ್ಷ ಇಟ್ಟುಕೊಂಡಿದ್ದರು. ನನಗೆ ಅಳು ಬರುವ ಮೊದಲು ಕೋಪ ಬಂತು. ಆ ವರ್ಷ ನಮ್ಮ ಬೀದಿಯ ನಲ್ಲಿಯಲ್ಲಿ ಕೊಳಚೆ ನೀರು ಸೇರಿ ಅಕ್ಕಪಕ್ಕದ ಮನೆಗಳಲ್ಲೆಲ್ಲ ಕಾಮಾಲೆ ಎದ್ದಿತ್ತು. ಆ ಮಕ್ಕಳ ಅಪ್ಪಂದಿರು ಯಾರೂ ಯಾವ ಆಣೆಯನ್ನೂ ಮುರಿದಿರಲಿಲ್ಲ. ಇಬ್ಬರಲ್ಲಿ ಒಬ್ಬರು ಬಾಯಿ ಬಿಟ್ಟಿದ್ದರೂ ನಾನು ಇದನ್ನು ಅವತ್ತೇ ಹೇಳುತ್ತಿದ್ದೆ.

ಮೀಟಿಂಗ್ ಮುಗಿದು ಹೊರಗೆ ಬಂದೆವು. ಜನ ಟೀ ಲೋಟ ಹಿಡಿದುಕೊಂಡು ಕಾಂಪೌಂಡಿನಲ್ಲಿ ಅಲ್ಲಲ್ಲಿ ನಿಂತಿದ್ದರು. ಅಪ್ಪ ಅಮ್ಮನ ಬುಟ್ಟಿಯನ್ನು ನೋಡಿದರು, ಅದರಲ್ಲಿದ್ದ ನಿಂಬೆಹಣ್ಣನ್ನು ನೋಡಿದರು. ಅವರ ಮುಖ ಬಿಳಿಚಿಕೊಂಡಿತು. ಅಮ್ಮ ಏನಾದರೂ ಅನ್ನುತ್ತಾಳೆ, ಅವರು ಆ ಚಿಕ್ಕ ಗೇಟಿನ ಕಡೆ ಹೊರಟುಬಿಡುತ್ತಾರೆ ಅಂತ ನಾನು ಆ ಕಡೆಗೆ ಸರಿದು ನಿಂತೆ. ಅಮ್ಮ ವಾಚು ನೋಡಿಕೊಂಡಳು. ಇನ್ನೂ ಟೈಮಿತ್ತು.

"ರಾಹುಕಾಲ ಮುಗಿದುಹೋಯ್ತು," ಎಂದಳು, ಎಷ್ಟೋ ದಿನಗಳ ಮೇಲೆ ನೇರವಾಗಿ ಅಪ್ಪನಿಗೇ. "ಮನೆಗೆ ಹೋಗೋಣ ಬನ್ನಿ. ಇದರಲ್ಲಿ ಪಾನಕ ಮಾಡ್ತೀನಿ."

ನಾನು ಅಪ್ಪನ ಮುಂದೆ ಹೋಗಿ ಬಗ್ಗಿ, ಅವರ ಚಪ್ಪಲಿಯ ಪಕ್ಕದ ಮಣ್ಣಿನ ಮೇಲೆ ಎರಡು ಕೈಯೂರಿದೆ.

"ಏನಮ್ಮ ಇದು, ಇಲ್ಲಿ ಬೇಡ," ಎಂದರು ಅಪ್ಪ. ಅವರ ಕಾಲು ಹಿಂದೆ ಸರಿದದ್ದು ಕಾಣಿಸಿತು.

"ನನಗೇನೂ ಆಗಲ್ಲ. ಅದು ನಲ್ಲಿ ನೀರಿಂದ ಬಂದಿದ್ದು ಅಪ್ಪಾ. ಕೈಯಿಡಿ. ಇಡೋವರೆಗೂ ಏಳಲ್ಲ."

"ಏಳೇ, ಜನ ನೋಡ್ತಾರೆ," ಎಂದಳು ಅಮ್ಮ.

"ನೋಡಲಿ."

ಜನ ನೋಡುತ್ತಲೇ ಇದ್ದರು. ಟೀ ಲೋಟದ ಸದ್ದೂ ನಿಂತಿತ್ತು. ನನ್ನ ಸೊಂಟ ನೋಯುತ್ತಿತ್ತು, ಹರಳು ಮಣ್ಣು ಅಂಗೈಗೆ ಒತ್ತುತ್ತಿತ್ತು. ಅಪ್ಪನ ಚಪ್ಪಲಿ ಹಿಂದೆಯೂ ಹೋಗಲಿಲ್ಲ, ಮುಂದೆಯೂ ಬರಲಿಲ್ಲ. ಆ ದಿನ ವೈನ್ ಸ್ಟೋರಿನ ಎದುರು ರಸ್ತೆಯ ಬದಿಯಲ್ಲೂ ಹೀಗೆಯೇ ನಿಂತಿದ್ದರು. ಆಮೇಲೆ ಬೈತಲೆಯ ಮೇಲೆ ಏನೋ ತಾಕಿತು. ಮೊದಲು ಬೆರಳ ತುದಿ, ತಕ್ಷಣ ಹಿಂದಕ್ಕೆ ಹೋಯಿತು. ಮತ್ತೆ ಬಂತು. ಕೊನೆಗೆ ಇಡೀ ಅಂಗೈ. ಆಣೆಯ ದಿನದ ಹಾಗೆಯೇ ಬೆವರಿತ್ತು.

ಅಪ್ಪ ಒಳ್ಳೇದಾಗ್ಲಿ ಅನ್ನಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಸಾಕು ಏಳು ಅಂತ ಅಮ್ಮ ಮತ್ತೆ ಅಂದಳು. ನಾನು ಏಳಲಿಲ್ಲ, ಇನ್ನೊಂದು ಸ್ವಲ್ಪ ಹೊತ್ತು ಇರಲಿ ಅಂತ.